ಕಾಲಿನ ಉಬ್ಬು ನರ: ಲೇಸರ್ರಾ ಗ್ಲೂನಾ ಅಂತ ಕೇಳೋ ಮುಂಚೆ ನಿಂತ್ಕೊಂಡು ಡಾಪ್ಲರ್ ಸ್ಕ್ಯಾನ್ ಮಾಡಿಸ್ಕೊಳ್ಳಿ

ಡೊಂಬಿವಲಿಯಿಂದ ದಾದರ್‌ವರೆಗೆ ಹನ್ನೊಂದು ವರ್ಷ ಮುಂಬೈ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ನಿಂತೇ ಓಡಾಡಿದೀನಿ, ಮೂರು ಜನರ ಸೀಟಲ್ಲಿ ನಾಲ್ಕನೆಯವಳಾಗಿ ಫೋರ್ತ್ ಸೀಟ್ ಸಿಕ್ಕಿದ ದಿನಾನೂ ಅರ್ಧ ತೊಡೆ ಸೀಟಿನ ಹೊರಗೇ. ಎರಡನೇ ಬಾಣಂತನ ಆದ್ಮೇಲೆ ಬಲಗಾಲಲ್ಲಿ ಮಂಡಿ ಕೆಳಗೆ ನೀಲಿ ನರ ಹಗ್ಗದ ಥರ ಸುತ್ಕೊಂಡು ಉಬ್ಬಿತ್ತು, ಸಂಜೆ ಆದ್ರೆ ಮೀನಖಂಡ ಕಲ್ಲಾಗೋದು. ಸೀರೆ ಉಟ್ರೆ ಕಾಣಲ್ಲ ಅಂತ ನಾಲ್ಕು ವರ್ಷ ಸುಮ್ನಿದ್ದೆ, ಅದೇ ತಪ್ಪು. ಹೋದ ವರ್ಷ ಪಾದದ ಗಂಟಿನ ಒಳಭಾಗದಲ್ಲಿ ಚರ್ಮ ಕಂದು ತಿರುಗಿ ತುರಿಕೆ ಶುರುವಾಯ್ತು. ಹೀಗೇ ಬಿಟ್ರೆ ಮುಂದೆ ಅಲ್ಲೇ ವಾಸಿಯಾಗದ ಹುಣ್ಣಾಗಬಹುದು ಅಂತ ಗೊತ್ತಾದ್ಮೇಲೆ ನಿಜವಾಗ್ಲೂ ಹೆದರಿಕೆ ಆಯ್ತು.

ಮೊದಲು ಹೋದ ಕ್ಲಿನಿಕ್ಕಲ್ಲಿ ನನ್ನ ಮಲಗಿಸಿ ಎರಡು ನಿಮಿಷ ಸ್ಕ್ಯಾನ್ ಮಾಡಿ, ಎರಡೂ ಕಾಲಿಗೆ ಲೇಸರ್ ಪ್ಯಾಕೇಜ್, ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್ ಅಂದ್ರು. ಮನಸ್ಸು ಒಪ್ಪಲಿಲ್ಲ. ಎರಡನೆಯವರು ವ್ಯಾಸ್ಕುಲರ್ ಸರ್ಜನ್, ಅಂದ್ರೆ ರಕ್ತನಾಳದ ಡಾಕ್ಟರು, ಅವರು ಸ್ಟೂಲ್ ಮೇಲೆ ನಿಲ್ಲಿಸಿ ಭಾರ ಎಡಗಾಲಿಗೆ ಹಾಕಿ ಅಂತ ಹೇಳಿ, ರಕ್ತ ಯಾವ ಕಡೆ ಹರೀತಿದೆ ಅಂತ ತೋರಿಸೋ ಡಾಪ್ಲರ್ ಸ್ಕ್ಯಾನ್ ಇಟ್ಟು, ಬಲಗಾಲಿನ ಮೀನಖಂಡ ಹಿಂಡಿ ಬಿಟ್ರು. ಹಿಂಡಿದಾಗ ಸ್ಕ್ರೀನಲ್ಲಿ ನೀಲಿ, ಬಿಟ್ಟ ತಕ್ಷಣ ಕೆಂಪು, ಆ ಕೆಂಪು ಮೂರು ಸೆಕೆಂಡಾದ್ರೂ ಹೋಗ್ಲಿಲ್ಲ. ಮೇಲಕ್ಕೆ ಹೋದ ರಕ್ತ ವಾಪಸ್ ಕೆಳಗಿಳೀತಿದೆ ನೋಡಿ, ವಾಲ್ವ್ ಮುಚ್ತಿಲ್ಲ ಅಂದ್ರು. ಅರ್ಧ ಸೆಕೆಂಡಿಗಿಂತ ಜಾಸ್ತಿ ಆದ್ರೇ ಲೀಕ್ ಅಂತೆ. ಎಡಗಾಲಲ್ಲಿ ಲೀಕೇ ಇಲ್ಲ, ಬರೀ ಜೇಡರ ಬಲೆ ಥರ ಸಣ್ಣ ನರಗಳು, ಅದಕ್ಕೆ ಲೇಸರ್ ಬೇಕಾಗೇ ಇರ್ಲಿಲ್ಲ!

ಅದಕ್ಕೇ ಹೇಳೋದು, ಯಾವ ನರ ಎಲ್ಲಿ ಲೀಕ್ ಆಗ್ತಿದೆ ಅಂತ ತಿಳೀದೆ ಯಾವ ಟ್ರೀಟ್ಮೆಂಟ್ ಒಳ್ಳೇದು ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ.

ನನ್ನ ತೊಡೆಯ ಉದ್ದನೆ ನರ, ಸಫೀನಸ್ ಅಂತಾರಲ್ಲ, ಅದೇ ಕೆಟ್ಟಿತ್ತು. ಅದಕ್ಕೆ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ, ಎರಡೂ ಒಳಗಿಂದ ಬಿಸಿ ಕೊಟ್ಟು ನರ ಮುಚ್ಚೋದೇ, ಫಲಿತಾಂಶನೂ ಹೆಚ್ಚುಕಮ್ಮಿ ಒಂದೇ. ಯಾವ ಚಿಕಿತ್ಸೆ ಕೊಡ್ಬೇಕು ಅಂತ ಸಲಹೆ ಕೊಡೋ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಹೇಳಿದ್ದೂ ಮೊದಲು ಈ ಬಿಸಿ ಚಿಕಿತ್ಸೆ, ಆಗದಿದ್ರೆ ಫೋಮ್ ಇಂಜೆಕ್ಷನ್, ಅಂದ್ರೆ ನೊರೆ ಥರದ ಔಷಧಿ ಚುಚ್ಚಿ ನರ ಮುಚ್ಚೋದು, ಅದೂ ಆಗದಿದ್ರೆ ಆಪರೇಷನ್. ನಾನು ಮಾಡಿಸಿದ್ದು ರೇಡಿಯೋಫ್ರೀಕ್ವೆನ್ಸಿ, ತುದಿ 120 ಡಿಗ್ರಿ ಬಿಸಿ ಆಗತ್ತೆ, ಆದ್ರೆ ಬಿಸಿ ಗೊತ್ತೇ ಆಗಲ್ಲ, ನೋವಾಗಿದ್ದು ಅದಕ್ಕೂ ಮುಂಚೆ ತೊಡೆ ಉದ್ದಕ್ಕೂ ಮರಗಟ್ಟಿಸೋ ನೀರು ತುಂಬಿಸಿದಾಗ, ಸಾಲಾಗಿ ಚುಚ್ತಾರೆ. ಅರ್ಧ ಗಂಟೆ ಆದ್ಮೇಲೆ ನಡೆಸಿದ್ರು. ಆಮೇಲೆ ಹತ್ತು ದಿನ ತೊಡೆ ಒಳಗೆ ದಾರ ಎಳೆದ ಹಾಗೆ ಬಿಗಿತ. ಅಮ್ಮಂಗೆ 1994ರಲ್ಲಿ ಊರಲ್ಲಿ ಆಪರೇಷನ್ ಮಾಡಿ ನರಾನೇ ಎಳೆದು ತೆಗೆದಿದ್ರು, ಮೂರು ವಾರ ಅಡುಗೆಮನೆ ಕಡೆ ಬರೋಕಾಗಿರ್ಲಿಲ್ಲ ಪಾಪ.

ಆಫೀಸಿನ ಗೆಳತಿ ಒಬ್ಬಳು ಗ್ಲೂ ಹಾಕಿಸ್ಕೊಂಡ್ಳು, ಅಂದ್ರೆ ನರದ ಒಳಗೆ ಅಂಟು ಹಾಕಿ ಮುಚ್ಚೋದು, ಸಾಲಾಗಿ ಚುಚ್ಚೋದೆಲ್ಲ ಇಲ್ಲ, ಕಾಲು ಬಿಗಿಯಾಗಿ ಹಿಡಿಯೋ ಸ್ಟಾಕಿಂಗೂ ಸಾಮಾನ್ಯವಾಗಿ ಬೇಕಾಗಲ್ಲ, ಆದ್ರೆ ದುಬಾರಿ, ಕೆಲವರಿಗೆ ಅಲರ್ಜಿ ಥರ ಕೆಂಪಾಗತ್ತೆ. ಫೋಮ್ ಅಗ್ಗ, ಆದ್ರೆ ಕಂದು ಕಲೆ ಉಳೀಬಹುದು, ಮತ್ತೆ ಮತ್ತೆ ಹಾಕಿಸ್ಬೇಕಾಗಬಹುದು. ಯಾವುದು ಮಾಡಿಸಿದ್ರೂ ಮುಂದೆ ಬೇರೆ ನರ ಉಬ್ಬಲ್ಲ ಅಂತ ಗ್ಯಾರಂಟಿ ಇಲ್ಲ. ಇನ್ಶೂರೆನ್ಸ್ ಇದ್ರೆ ಕಾಯೋ ಅವಧಿ ನೋಡ್ಕೊಳ್ಳಿ, ನಮ್ಮ ಪಾಲಿಸೀಲಿ ಎರಡು ವರ್ಷ ಇತ್ತು.

ಸ್ಟಾಕಿಂಗ್ ನೋವು ಇಳಿಸತ್ತೆ, ಲೀಕ್ ಸರಿ ಮಾಡಲ್ಲ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋ ಮುಂಚೆನೇ ಹಾಕ್ಬೇಕು, ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡು ಎಳೆದ್ರೆ ಸಲೀಸು. ಮೇ ತಿಂಗಳ ಸೆಖೆಗೆ ಕುರ್ಲಾ ಸ್ಟೇಷನ್ ಬರೋಷ್ಟರಲ್ಲಿ ಒಳಗೆಲ್ಲ ಒದ್ದೆ, ಆದ್ರೂ ಬಿಡ್ಲಿಲ್ಲ.

ನನ್ನ ನಾದಿನಿಗೆ ಈಗ ಆರು ತಿಂಗಳು, ಅವಳಿಗೂ ನರ ಉಬ್ಬಿದೆ. ಬಸುರಲ್ಲಿ ರಕ್ತನೂ ಜಾಸ್ತಿ, ಹಾರ್ಮೋನಿಂದ ನರ ಸಡಿಲ ಬೇರೆ, ಈ ಟ್ರೀಟ್ಮೆಂಟ್ ಯಾವುದೂ ಸಾಮಾನ್ಯವಾಗಿ ಈಗ ಮಾಡಲ್ಲ. ಹೆರಿಗೆ ಆದ್ಮೇಲೆ ಕೆಲವು ತಿಂಗಳಲ್ಲಿ ಎಷ್ಟೋ ತಾನೇ ಇಳಿಯತ್ತೆ. ಒಂದೇ ಕಾಲು ಇದ್ದಕ್ಕಿದ್ದಂಗೆ ಊದಿ ನೋವು ಬಂದ್ರೆ ಮಾತ್ರ ಅವತ್ತೇ ಡಾಕ್ಟರ್ ಹತ್ರ ಓಡು ಅಂದಿದೀನಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನನ್ನ ಹಳೇ ಸ್ಟಾಕಿಂಗ್ ಕೇಳಿದ್ಳು, ಕೊಡ್ಲಿಲ್ಲ. ಅಳತೆ ಬೇರೆ ಅಲ್ವಾ, ಭಾನುವಾರ ಟೇಪ್ ತಗೊಂಡು ಅವಳ ಮನೆಗೆ ಹೋಗ್ತಿದೀನಿ.