ಮರಕ್ಕೆ ಕಟ್ಟಿದ ಗಂಟೆ ಯಾರದು?

"ಮುಟ್ಬೇಡ್ರೇ! ಯಾರೋ ಹರಕೆ ಕಟ್ಟಿರ್ತಾರೆ. ತಗಂಡು ಹೋಗಿ ಅಲ್ಲೇ ಕಟ್ಟಿ ಬನ್ನಿ."

ವಿಡಿಯೋ ಕಾಲಿನಲ್ಲಿ ಅಮ್ಮ ನಿಜವಾಗಿಯೂ ಗಾಬರಿಯಾಗಿದ್ದರು. ಮಗಳು ಖುಷಿಯಿಂದ ಗಂಟೆ ಅಲ್ಲಾಡಿಸಿ ತೋರಿಸುತ್ತಿದ್ದಳು. ಅಜ್ಜಿಯ ಮುಖ ನೋಡಿ ಅವಳ ಕೈ ಅಲ್ಲೇ ನಿಂತಿತು.

ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ಮರಕ್ಕೆ ಗಂಟೆ ಕಟ್ಟಿದ್ದಾರೆ ಅಂದರೆ ಅದು ಹರಕೆಯದ್ದೇ. ಯಲ್ಲಾಪುರದ ಹತ್ತಿರ ಚಂದಗುಳಿಯ ಘಂಟೆ ಗಣಪನ ದೇವಸ್ಥಾನಕ್ಕೆ ಹೋದವರಿಗೆ ಗೊತ್ತು. ಅಂದುಕೊಂಡಿದ್ದು ಕೈಗೂಡಿದವರು ಕಟ್ಟಿದ ಗಂಟೆಗಳು ಅಲ್ಲಿ ಸಾಲುಸಾಲಾಗಿ ತೂಗುತ್ತಿರುತ್ತವೆ. ಅದರಲ್ಲಿ ಒಂದನ್ನು ಬಿಚ್ಚಿಕೊಂಡು ಮನೆಗೆ ತರುವುದನ್ನು ಯಾರಾದರೂ ಕನಸಿನಲ್ಲಾದರೂ ಯೋಚಿಸುತ್ತಾರಾ? ಇನ್ನು ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಕುಂಕುಮ ಕಂಡರೆ ಸುತ್ತಿಬಳಸಿ ನಡೆದು ಬೆಳೆದವರು ನಾವು. ದಾರಿಯಲ್ಲಿ ಬಿದ್ದಿದ್ದನ್ನು ಮುಟ್ಟಬಾರದು ಅನ್ನುವುದು ನಮಗೆ ನಡೆಯೋಕೆ ಕಲಿತಾಗಲೇ ಬಂದ ಪಾಠ.

ಇಲ್ಲಿ ಟೂಸಾನ್‌ನಲ್ಲಿ, ಅರಿಜೋನಾದ ಈ ಮರುಭೂಮಿ ಊರಿನಲ್ಲಿ, ಅದೇ ಗಂಟೆಗೆ ಬೇರೆಯೇ ಅರ್ಥ. ರಿಯೀಟೋ ನದಿಯ ದಂಡೆಯಲ್ಲಿ ನಡೆಯೋಕೆ, ಸೈಕಲ್ ಹೊಡೆಯೋಕೆ ಅಂತ ದಾರಿ ಮಾಡಿದ್ದಾರೆ. ನದಿ ಅನ್ನುವುದು ಹೆಸರಿಗೆ. ವರ್ಷದ ಹೆಚ್ಚಿನ ದಿನ ಅದರಲ್ಲಿ ಹರಿಯುವುದು ಬರೀ ಬಿಸಿಗಾಳಿ. ಆ ದಾರಿಯ ಪಕ್ಕದ ಮೆಸ್ಕೀಟ್ ಮರದ ಕೊಂಬೆಯಲ್ಲಿ ಗಂಟೆ ತೂಗುತ್ತಿತ್ತು. ಬಣ್ಣಬಣ್ಣದ ಮಣ್ಣಿನ ಮಣಿಗಳು, ನಡುವೆ ಒಂದು ಮಣ್ಣಿನ ಹೂವು, ತುದಿಯಲ್ಲಿ ಲೋಹದ ಪುಟ್ಟ ಗಂಟೆ. ಜೊತೆಗೊಂದು ಚೀಟಿ. ಸಿಕ್ಕವರು ಇದನ್ನು ಮನೆಗೆ ಒಯ್ದು ತೂಗುಹಾಕಿ, ಇನ್ನೊಬ್ಬರ ಜೊತೆ ಒಳ್ಳೆಯದಾಗಿ ನಡೆದುಕೊಳ್ಳಿ ಅನ್ನುವ ಅರ್ಥದ ಮಾತು ಅದರಲ್ಲಿ. ಕಟ್ಟಿದವರ ಹೆಸರಿಲ್ಲ. ಮಾಡಿದವರ ಹೆಸರೂ ಇಲ್ಲ.

ಇದನ್ನು ಇಲ್ಲಿಯವರು ಬೆನ್ಸ್ ಬೆಲ್ಸ್ ಅನ್ನುತ್ತಾರೆ. ಬೆನ್ ಅನ್ನುವುದು ಒಂದು ಮಗುವಿನ ಹೆಸರು. 2002ರ ಮಾರ್ಚ್‌ನಲ್ಲಿ ಆ ಮಗು ತೀರಿಕೊಂಡಿತು. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಕ್ರೂಪ್ ಅಂತ ಮಕ್ಕಳಿಗೆ ಬರುವ ಕಾಯಿಲೆ, ಗಂಟಲು ಊದಿ ಉಸಿರು ಕಟ್ಟುತ್ತದೆ. ತಾಯಿ ಜೆನೆಟ್ ಮಾರೆ ಅವರಿಗೆ ಆಮೇಲಿನ ದಿನ ದೂಡುವುದೇ ಕಷ್ಟವಾಗಿತ್ತು. ಅಂಗಡಿಯಲ್ಲಿ, ರಸ್ತೆಯಲ್ಲಿ ಗುರುತಿಲ್ಲದವರು ತೋರಿಸಿದ ಸಣ್ಣಪುಟ್ಟ ಒಳ್ಳೆಯತನವೇ ಆ ದಿನಗಳಲ್ಲಿ ತಮ್ಮನ್ನು ಹಿಡಿದು ನಿಲ್ಲಿಸಿತು ಅಂತ ಅವರು ಹೇಳಿದ್ದಾರೆ. ಎದುರಿಗೆ ನಿಂತ ಹೆಂಗಸಿನ ಮಗು ಸತ್ತಿದೆ ಅಂತ ಆ ಜನಕ್ಕೆ ಗೊತ್ತೇ ಇರಲಿಲ್ಲ. ಸುಮ್ನೆ ಒಳ್ಳೆಯದಾಗಿ ಮಾತಾಡಿಸಿದ್ದರು, ಅಷ್ಟೇ.

ಆಗ ಮನೆಯವರು, ಸ್ನೇಹಿತರು ಸೇರಿ ಹಿತ್ತಿಲಲ್ಲಿ ಕೂತು ಮಣ್ಣಿನ ಮಣಿ ಮಾಡೋಕೆ ಶುರುಮಾಡಿದರು. ಅಳುತ್ತಾ ಕೂರುವ ಬದಲು ಕೈಗೆ ಒಂದು ಕೆಲಸ. ಬೆನ್ ಹೋಗಿ ಒಂದು ವರ್ಷ ತುಂಬಿದಾಗ, 2003ರಲ್ಲಿ, ನೂರಾರು ಗಂಟೆಗಳನ್ನು ಊರಿನ ಮೂಲೆಮೂಲೆಯಲ್ಲಿ ತೂಗುಹಾಕಿ ಬಂದರು. ಸಿಕ್ಕವರಿಗೆ ಸಿಗಲಿ ಅಂತ. ಆಮೇಲೆ ಅದು ನಿಲ್ಲಲೇ ಇಲ್ಲ. ಈಗ ಇದಕ್ಕೆಂದೇ ಸ್ಟುಡಿಯೋ ಇದೆ. ಯಾರು ಬೇಕಾದರೂ ಹೋಗಿ ಕೂತು ಮಣಿ ಉರುಟಬಹುದು, ಬಣ್ಣ ಹಚ್ಚಬಹುದು. ಒಬ್ಬರು ಉರುಟಿದ ಮಣಿಗೆ ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ, ಮತ್ತೊಬ್ಬರು ಸುಡುತ್ತಾರೆ, ಬೇರೆ ಯಾರೋ ಪೋಣಿಸುತ್ತಾರೆ. ಒಂದು ಗಂಟೆ ತಯಾರಾಗುವಷ್ಟರಲ್ಲಿ ಎಷ್ಟೋ ಕೈ ದಾಟಿರುತ್ತದೆ.

2011ರ ಜನವರಿ 8ರಂದು ಇದೇ ಊರಿನ ಸೂಪರ್ ಮಾರ್ಕೆಟ್ ಒಂದರ ಹೊರಗೆ, ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಮಾತಾಡಿಸುತ್ತಿದ್ದಾಗ ಒಬ್ಬ ಗುಂಡು ಹಾರಿಸಿದ. ಗಿಫರ್ಡ್ಸ್ ಬದುಕಿ ಉಳಿದರು. ಆರು ಜನ ಸತ್ತರು, ಅದರಲ್ಲಿ ಒಂಬತ್ತು ವರ್ಷದ ಒಂದು ಹುಡುಗಿ. ಆಗ ಟೂಸಾನ್ ಜನ ಊರ ತುಂಬಾ ಈ ಗಂಟೆಗಳನ್ನು ಕಟ್ಟಿದರು. ಮರುವರ್ಷ ಡಿಸೆಂಬರಿನಲ್ಲಿ ಕನೆಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ ಶಾಲೆಗೆ ನುಗ್ಗಿದವನೊಬ್ಬ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಅಲ್ಲಿಗೂ ಈ ಗಂಟೆಗಳು ಹೋದವು. ಬಂದೂಕು ಇಷ್ಟು ಸಲೀಸಾಗಿ ಕೈಗೆ ಸಿಗುವ ದೇಶದಲ್ಲಿ ಮಣ್ಣಿನ ಗಂಟೆ ಏನು ಮಾಡೀತು ಅಂತ ಕೇಳುವವರಿದ್ದಾರೆ. ನನ್ನಲ್ಲೂ ಅದಕ್ಕೆ ಉತ್ತರ ಇಲ್ಲ. ಆದರೆ ಮಗುವನ್ನು ಕಳೆದುಕೊಂಡ ಮನೆಯ ಎದುರಿನ ಮರದಲ್ಲಿ ಬೆಳಗ್ಗೆ ಎದ್ದಾಗ ಒಂದು ಗಂಟೆ ಕಂಡರೆ ಏನೂ ಆಗುವುದಿಲ್ಲ ಅಂತ ನಾನು ಹೇಳಲಾರೆ.

ಹೀಗೆ ಬಿಟ್ಟು ಹೋಗುವ ಅಭ್ಯಾಸ ಈ ದೇಶದಲ್ಲಿ ಬೇರೆ ಕಡೆಯೂ ಇದೆ. ಆರೆಗನ್ ಕರಾವಳಿಯ ಲಿಂಕನ್ ಸಿಟಿಯಲ್ಲಿ ಗಾಜು ಊದಿ ಮಾಡಿದ ಬಣ್ಣದ ಗುಂಡುಗಳನ್ನು ಸಮುದ್ರದ ದಂಡೆಯಲ್ಲಿ, ಅಲೆ ತಾಗದ ಕಡೆ, ಅಡಗಿಸಿ ಇಡುತ್ತಾರೆ. ಸಿಕ್ಕಿದವರಿಗೆ ಅದು ಸ್ವಂತ. ಮೆಸಾಚುಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಮೇಗನ್ ಮರ್ಫಿ ಅನ್ನುವವರು 2015ರಲ್ಲಿ ಸಮುದ್ರದಂಡೆಯ ಕಲ್ಲುಗಳ ಮೇಲೆ ಧೈರ್ಯದ ಮಾತು ಬರೆದು ಇಟ್ಟರು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹಬ್ಬಿತು. ನ್ಯಾಷನಲ್ ಪಾರ್ಕುಗಳಲ್ಲಿ ಮಾತ್ರ ಹೀಗೆ ಏನನ್ನೂ ಬಿಟ್ಟು ಬರುವಂತಿಲ್ಲ. ಅದು ಸರಿಯೇ. ಕಾಡಿಗೆ ನಮ್ಮ ಬಣ್ಣ ಬೇಕಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ನಿವೃತ್ತ ಟೀಚರ್. ಆಗಾಗ ಸ್ಟುಡಿಯೋಗೆ ಹೋಗಿ ಮಣಿ ಉರುಟಿ ಬರುತ್ತಾರೆ. ಮಗಳು ಗಂಟೆ ಎತ್ತಿಕೊಂಡು ನೇರ ಅವರ ಮನೆಗೆ ಓಡಿದಳು, ಹಿಂದೆ ನಾನು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಮಣಿ ತಿರುಗಿಸಿ ನೋಡಿದರು. ನೀಲಿ ಬಣ್ಣದ ಒಂದು ಮಣಿಯ ಬದಿಯಲ್ಲಿ ಯಾರದೋ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು. ಗೆರೆಗೆರೆ ಎಣಿಸುವಷ್ಟು ಸ್ಪಷ್ಟ. ಬಣ್ಣ ಆ ಗೆರೆಗಳಲ್ಲಿ ಇಳಿದು ಸ್ವಲ್ಪ ಗಾಢವಾಗಿತ್ತು.

"ಇದು ನಿಮ್ಮ ಬೆರಳಾ?" ಮಗಳು ಕೇಳಿದಳು.

"ಗೊತ್ತಿಲ್ಲ. ಗೊತ್ತಾಗದೇ ಇರೋದೇ ಒಳ್ಳೆಯದು. ಗೊತ್ತಾದರೆ ನೀನು ನನಗೆ ಥ್ಯಾಂಕ್ಸ್ ಹೇಳಬೇಕಾಗುತ್ತೆ, ಆಮೇಲೆ ಕಾರ್ಡ್ ಬರೀಬೇಕು, ಹಬ್ಬಕ್ಕೆ ಏನಾದರೂ ಕೊಡಬೇಕು. ಅದೆಲ್ಲ ಬೇಡ. ನೀನು ಸುಮ್ನೆ ಇಟ್ಟುಕೋ."

ನನಗೆ ಅಲ್ಲೇ ನಮ್ಮೂರಿನ ಮದುವೆ ಚಪ್ಪರ ನೆನಪಾಯಿತು. ಊಟದ ಸಾಲಿಗೆ ಹೋಗುವ ಮುಂಚೆ ಒಂದು ಮೇಜು. ಅಲ್ಲಿ ಅಕ್ಷರ ಚೆನ್ನಾಗಿರುವ ಯಾರೋ ಒಬ್ಬರು ಮುಯ್ಯಿ ಬರೆಯೋಕೆ ಕೂತಿರುತ್ತಿದ್ದರು. ಯಾರು, ಯಾವ ಊರು, ಎಷ್ಟು. ಆ ಪುಸ್ತಕ ಮನೆಯ ಟ್ರಂಕಿನಲ್ಲಿ ಭದ್ರವಾಗಿ ಇರುತ್ತಿತ್ತು. ಅವರ ಮನೆಯ ಮದುವೆ ಬಂದಾಗ ಪುಟ ತಿರುವಿ, ಅವರು ಹಾಕಿದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ಬರಬೇಕು. ಇದನ್ನು ಕೀಳಾಗಿ ನೋಡುವುದು ಸುಲಭ. ನಾನು ನೋಡಲ್ಲ. ಬ್ಯಾಂಕ್ ಬಾಗಿಲು ಕಾಣದ ಕಾಲದಲ್ಲಿ ಬಡವರ ಮನೆಯ ಎಷ್ಟೋ ಮದುವೆಗಳು ಆ ಮುಯ್ಯಿಯಿಂದಲೇ ನಡೆದವು. ನನಗೆ ಕಿರಿಕಿರಿ ಆಗುವುದು ಬೇರೆಯದರಿಂದ. ದೇವಸ್ಥಾನದ ಮೆಟ್ಟಿಲಿನಿಂದ ಹಿಡಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನವರೆಗೆ, ಕೊಟ್ಟವರ ಹೆಸರಿಲ್ಲದ ಜಾಗವೇ ಈಗ ಇಲ್ಲ. ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸುತ್ತಾರೆ. ಅಕ್ಷರ ಬೆಳಕನ್ನೇ ಮುಚ್ಚುತ್ತದೆ ಅನ್ನುವುದೂ ಅವರಿಗೆ ಬೇಡ.

ಮಗಳಿಗೆ ಇದನ್ನೆಲ್ಲ ಹೇಳಿ, ಹಾಗಂತ ನಮ್ಮಲ್ಲಿ ಹೆಸರಿಲ್ಲದೆ ಮಾಡುವವರು ಇಲ್ಲ ಅಂದುಕೋಬೇಡ ಅಂದೆ. ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು, ದೀವರು ಅನ್ನುವ ಸಮುದಾಯದವರು. ನಮ್ಮ ಹೆಂಗಸರ ಕೈಯಲ್ಲಿ ಚಿತ್ತಾರ ಇದೆ. ಫೋನಿನಲ್ಲಿ ನನ್ನ ದೊಡ್ಡಮ್ಮ ಬರೆದ ಹಸೆಗೋಡೆಯ, ಅಂದರೆ ಮದುವೆಗೆ ಚಿತ್ತಾರ ಬರೆದ ಗೋಡೆಯ, ಫೋಟೋ ತೆಗೆದು ತೋರಿಸಿದೆ. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದ ಕಪ್ಪು. ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ದೊಡ್ಡಮ್ಮ ಕುಂಚ ಹಿಡಿದು ಎಳೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಎಳೆ ಮುಗಿದ ಮೇಲೆ ಉಸಿರು ಬಿಟ್ಟು, ಬಾಯಲ್ಲಿ ಹಾಡು ಮುಂದುವರಿಸುತ್ತಿದ್ದರು. ಅಳತೆಕೋಲಿಲ್ಲ, ಪೆನ್ಸಿಲ್ ಗುರುತಿಲ್ಲ. ಎಳೆಗೂ ಎಳೆಗೂ ನಡುವಿನ ಜಾಗ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ.

ಭೂಮಿ ಹುಣ್ಣಿಮೆಯ ಬುಟ್ಟಿಯಂತೂ ಇನ್ನೂ ಚಂದ. ಹಬ್ಬಕ್ಕೆ ಎಷ್ಟೋ ದಿನ ಮುಂಚೆಯೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿ ನಿದ್ದೆ ಇಲ್ಲದೆ ಅಡುಗೆ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭೂತಾಯಿ ಬಂದು ಉಣ್ಣಲಿ ಅಂತ ಕೂಗುತ್ತಾ ಚರಗ ಅಂತ ಅನ್ನ ಬೀರುತ್ತಾರೆ. ಆ ಅನ್ನ ಯಾವ ಹಕ್ಕಿ ತಿಂತೋ, ಯಾವ ಇಲಿ ತಿಂತೋ, ಯಾರೂ ನೋಡಲ್ಲ. ಬುಟ್ಟಿ ಬರೆದವಳು ಯಾರು ಅಂತಲೂ ಯಾರೂ ಕೇಳಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆ ಇತ್ತು. ಈಗಲೂ ಇದೆ.

ಫೋಟೋಗಳನ್ನು ಸರಿಸುತ್ತಾ ಮಗಳು ಒಂದು ಕಡೆ ನಿಂತಳು. ಅದು ಮನೆಯ ಗೋಡೆಯದ್ದಲ್ಲ. ನಮ್ಮೂರಿನ ಹತ್ತಿರದ ಒಂದು ಹೋಮ್‌ಸ್ಟೇಯದ್ದು. ದೊಡ್ಡಮ್ಮನನ್ನು ಕರೆದು ಜಗಲಿಯ ಉದ್ದಕ್ಕೂ ಚಿತ್ತಾರ ಬರೆಸಿದ್ದರು. ಊಟ ಹಾಕಿ, ಒಂದು ಸೀರೆ ಕೊಟ್ಟು ಕಳಿಸಿದ್ದರು. ಈಗ ಬೆಂಗಳೂರಿನಿಂದ ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಂಥದ್ದೇ ಒಂದು ಫೋಟೋ ಅದು.

"ಅಮ್ಮಾ, ದೊಡ್ಡಜ್ಜಿ ಹೆಸರು ಬೇಡ ಅಂತ ಬರೀಲಿಲ್ವಾ, ಅಥವಾ ಅವರನ್ನ ಯಾರೂ ಕೇಳ್ಲೇ ಇಲ್ವಾ?"

ನನಗೆ ಉತ್ತರ ಗೊತ್ತಿತ್ತು. ಅವಳು ಕೇಳುವವರೆಗೆ ಆ ಎರಡನ್ನೂ ನಾನು ಒಂದೇ ಹೆಮ್ಮೆಯಲ್ಲಿ ಸೇರಿಸಿ ಹೇಳುತ್ತಾ ಬಂದಿದ್ದೆ.

ಪಕ್ಕದ ಮನೆಯ ಅಜ್ಜಿಗೆ ಪಿಂಚಣಿ ಬರುತ್ತದೆ. ನಲವತ್ತು ಜನ ಮಕ್ಕಳಿಗೆ ಪಾಠ ಹೇಳಿದ ಬೋರ್ಡಿನ ಮುಂದೆ, ಮನೆಯ ಪತ್ರದಲ್ಲಿ, ಟಪಾಲು ಡಬ್ಬದ ಮೇಲೆ, ಎಲ್ಲ ಕಡೆ ಅವರ ಹೆಸರು ಇದ್ದೇ ಇತ್ತು. ಮಣಿಯ ಮೇಲೆ ಮಾತ್ರ ಬೇಡ ಅಂತ ಅವರು ಬಿಟ್ಟರು. ನನ್ನ ದೊಡ್ಡಮ್ಮನ ಹೆಸರು ರೇಷನ್ ಕಾರ್ಡು, ವೋಟರ್ ಲಿಸ್ಟು ಬಿಟ್ಟರೆ ಎಲ್ಲೂ ಇಲ್ಲ. ಗದ್ದೆ ದೊಡ್ಡಪ್ಪನ ಹೆಸರಲ್ಲಿ, ಮನೆ ಅಣ್ಣನ ಹೆಸರಲ್ಲಿ. ಮುಯ್ಯಿ ಪುಸ್ತಕದಲ್ಲೂ ದೊಡ್ಡಪ್ಪನದೇ ಹೆಸರು, ದುಡ್ಡು ಅವರು ಹಾಲು ಮಾರಿ ಕೂಡಿಟ್ಟಿದ್ದಾಗಿದ್ದರೂ. ಬುಟ್ಟಿಯ ಮೇಲೆ ಹೆಸರಿಲ್ಲದಿದ್ದರೆ ಅದು ಭೂತಾಯಿಗೂ ಅವರಿಗೂ ಇರುವ ಮಾತು, ಅದರಲ್ಲಿ ನಾವು ತಲೆಹಾಕುವುದು ಬೇಡ. ಆದರೆ ರೂಮಿಗೆ ರಾತ್ರಿಗಿಷ್ಟು ಅಂತ ದುಡ್ಡು ಎಣಿಸುವ ಕಡೆ, ಆ ಗೋಡೆಯನ್ನೇ ಜಾಹೀರಾತಿಗೆ ಬಳಸುವ ಕಡೆ, ಅವರ ಹೆಸರೂ ಇರಬೇಕು, ಕೂಲಿಯೂ ಸಿಗಬೇಕು. ಚಿತ್ತಾರ ಕಲಿತು, ಚೌಕಟ್ಟು ಹಾಕಿ, ತಮ್ಮ ಹೆಸರಲ್ಲೇ ಮಾರುವ ಹೆಂಗಸರು ಸಾಗರ, ಸೊರಬದ ಕಡೆ ಈಗ ಇದ್ದಾರೆ. ಅವರನ್ನು ನೋಡಿದರೆ ನನಗೆ ಹಿಗ್ಗು. ಸಂಪ್ರದಾಯವನ್ನು ಮಾರಾಟಕ್ಕಿಟ್ಟರು ಅಂತ ಗೊಣಗುವವರು ಆ ಹೋಮ್‌ಸ್ಟೇಯ ಬಿಲ್ಲನ್ನೊಮ್ಮೆ ನೋಡಲಿ.

ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಹೋಮ್‌ಸ್ಟೇಯವರ ಹತ್ತಿರ ಮಾತಾಡು, ಗೋಡೆಯ ಮೂಲೆಯಲ್ಲಿ ದೊಡ್ಡಮ್ಮನ ಹೆಸರು ಬರೆಸು ಅಂದೆ. ದುಡ್ಡಿನ ಮಾತೂ ಎತ್ತು ಅಂದೆ. ಅವನು ಹೋದ. ಮಾಲೀಕರು ಒಳ್ಳೆಯವರೇ. "ಅಯ್ಯೋ, ನಮಗೆ ಹೊಳೀಲೇ ಇಲ್ಲ, ಖಂಡಿತಾ ಹಾಕಿಸ್ತೀವಿ" ಅಂದರಂತೆ. ದುಡ್ಡಿನ ಮಾತಿಗೆ ಮಾತ್ರ ನೋಡೋಣ ಅಂದಿದ್ದಾರೆ. ಹೆಸರನ್ನು ಹೇಗೆ ಬರೆಸಲಿ, ದೊಡ್ಡಪ್ಪನ ಹೆಸರು ಮುಂದೆ ಸೇರಿಸಲಾ ಅಂತ ತಮ್ಮ ದೊಡ್ಡಮ್ಮನನ್ನೇ ಕೇಳೋಕೆ ಹೋದ. ಫೋನು ಸ್ಪೀಕರಿನಲ್ಲಿತ್ತು, ನಾನೂ ಮಗಳೂ ಕೇಳುತ್ತಿದ್ದೆವು.

"ನನ್ನೊಬ್ಬಳದೇ ಹೆಂಗೆ ಬರೆಸ್ತೀಯೋ? ಬಣ್ಣ ಅರೆದಿದ್ದು ನಿನ್ನ ಅತ್ತಿಗೆ. ಅಂಚಿನ ಎಳೆ ಎಳೆದಿದ್ದು ಕೆಳಗಿನ ಮನೆಯವಳು. ನಾ ನಡುವಿಂದು ಮಾತ್ರ ಬರೆದಿದ್ದು. ಬರೆಸಿದ್ರೆ ಮೂರೂ ಜನದ್ದು ಬರೆಸು. ಇಲ್ಲಾಂದ್ರೆ ಬ್ಯಾಡ."

ಮಗಳು ತಕ್ಷಣ ಅತ್ತೆಯ ಹೆಸರೇನು, ಕೆಳಗಿನ ಮನೆಯವರ ಹೆಸರೇನು ಅಂತ ಕೇಳಿ ಒಂದು ಕಾಗದದಲ್ಲಿ ಕನ್ನಡದಲ್ಲೇ ಬರೆದುಕೊಂಡಳು. ಒತ್ತಕ್ಷರ ತಪ್ಪಾಗಿತ್ತು, ತಿದ್ದಿಸಿದೆ. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆವು. ಮೂರು ಹೆಸರಿಗೆ ಆ ಮೂಲೆಯಲ್ಲಿ ಜಾಗ ಸಾಲಲ್ಲ ಅಂತ ಮಾಲೀಕರು ಈಗ ಹೇಳುತ್ತಿದ್ದಾರಂತೆ. ಬಾಗಿಲ ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆ, ಅಳತೆ ತೆಗೆದುಕೊಂಡೇ ಹೋಗ್ತೀನಿ ಅಂತ ತಮ್ಮ. ಭೂಮಿ ಹುಣ್ಣಿಮೆಗೆ ಮುಂಚೆ ಇನ್ನೊಂದು ಸಲ ಹೋಗಿ ಬರುತ್ತಾನೆ.