ಕಬ್ಬಿನ ಟೋಕನ್ ಬಂದ ವಾರ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನೊಡನೆ ಬೆಳಗಿನ ನಡಿಗೆಗೆ ಬರುತ್ತಿದ್ದ ಗೆಳೆಯರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಏನಪ್ಪಾ, ತಮಿಳುನಾಡಿನಲ್ಲಿ ಏನು ವಿಶೇಷ?" ಈ ವಾರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಳಿ ಇದೆ. ಆನೆ ಬರಲಿಲ್ಲ. ದೋಸೆ ಹಿಟ್ಟು ಉಬ್ಬಲಿಲ್ಲ. ಅವರಿಗೆ ಇಷ್ಟರಿಂದ ಹೊಟ್ಟೆ ತುಂಬಲಿಲ್ಲ, "ಸರಿಯಾಗಿ ಕೂತು ಬರೆದು ಕಳುಹಿಸು" ಎಂದರು. ಮೂವತ್ತೇಳು ವರ್ಷ ಅಂಚೆ ಕಚೇರಿಯಲ್ಲಿ ಊರಿನವರ ಕಾಗದಗಳನ್ನು ವಿಂಗಡಿಸಿದವನು ನಾನು. ಸ್ವಂತಕ್ಕೆ ಬರೆದ ಕಾಗದಗಳು ಬೆರಳೆಣಿಕೆಯಷ್ಟು. ಹಾಗಾಗಿ ಇದು ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಾನಿರುವುದು ಕರ್ನಾಟಕದ ಗಡಿಗೆ ಅಂಟಿಕೊಂಡ ತಾಳವಾಡಿಯ ಬಳಿ, ನನ್ನ ಹೆಂಡತಿಯ ತವರೂರಿನಲ್ಲಿ. ಗೆಳೆಯನೊಬ್ಬನ ಮಗ ಅಮೆರಿಕದಲ್ಲಿದ್ದಾನೆ, ಇನ್ನೊಬ್ಬನ ಮಗಳು ಜರ್ಮನಿಯಲ್ಲಿದ್ದಾಳೆ. ಅವರ ಸಾಲಿನಲ್ಲಿ ನಾನೂ ಹೊರನಾಡ ಕನ್ನಡಿಗ ಎಂದರೆ ಎಲ್ಲರೂ ನಗುತ್ತಾರೆ, ಏಕೆಂದರೆ ಚಾಮರಾಜನಗರದಲ್ಲಿ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ನಮ್ಮ ಊರು ಬರುತ್ತದೆ. ಆದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈ ಮುಗಿದು, ಸತ್ಯಮಂಗಲದ ಮೇಲೆ ಈರೋಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಸತ್ಯಮಂಗಲವನ್ನು ಅಲ್ಲಿಯವರು ಚಿಕ್ಕದಾಗಿ 'ಸತ್ತಿ' ಎನ್ನುತ್ತಾರೆ. ಮೊದಲ ಸಲ ಆ ಘಾಟಿ ಇಳಿಯುವ ಬಸ್ಸು ಹತ್ತುವಾಗ ಕಂಡಕ್ಟರು ನನ್ನ ಮುಖವನ್ನೇ ನೋಡಿಕೊಂಡು "ಸತ್ತಿ, ಸತ್ತಿ, ಸತ್ತಿ" ಎಂದು ಕೂಗಿದ. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸಿರಬೇಕು, ನೀವೇ ಯೋಚಿಸಿ.

ಅತ್ತೆಯವರಿಗೆ ಈಗ ಎಂಬತ್ತಾರು. ಅವರ ಬಾಲ್ಯದಲ್ಲಿ ತಾಳವಾಡಿಯೂ ಕೊಳ್ಳೇಗಾಲವೂ ಒಂದೇ ಕೊಯಮತ್ತೂರು ಜಿಲ್ಲೆಯವು. 1956ರ ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ಇದು ಮದರಾಸಿನಲ್ಲೇ ಉಳಿಯಿತು. ಅತ್ತೆಗೆ ಆ ಲೆಕ್ಕಾಚಾರದಲ್ಲಿ ಆಸಕ್ತಿ ಇಲ್ಲ. ಆದರೆ ಇವತ್ತಿಗೂ ಅವರ ಮಾತಿನಲ್ಲಿ ನಾನು 'ಮೈಸೂರಳಿಯ', ನಮ್ಮ ಕಡೆ 'ಮೈಸೂರು ಸೀಮೆ', ಅಲ್ಲಿಯ ಸಾರು ನೀರು. ಮದುವೆಯಾಗಿ ನಲವತ್ತು ವರ್ಷ ಹಬ್ಬಕ್ಕೆ ಬಂದು ಹೋಗುವ ಅಳಿಯನಾಗಿದ್ದವನು ಅರವತ್ತಾರರಲ್ಲಿ ಮನೆ ಅಳಿಯನಾದೆ. ಬಂದ ಮೇಲೆ ವಿಳಾಸ ಬದಲಾಯಿಸಿದಾಗ ಪಿನ್ ಕೋಡಿನ ಮೊದಲ ಅಂಕಿ ಐದರಿಂದ ಆರಕ್ಕೆ ಏರಿತು. ನಿವೃತ್ತಿಯ ನಂತರ ನನಗೆ ಸಿಕ್ಕಿರುವ ಬಡ್ತಿ ಅದೊಂದೇ.

ಇನ್ನು ಚಳಿ. ಮೈಸೂರಿನಲ್ಲಿ ಚಳಿ ಎಂದರೆ ಸ್ವೆಟರಿನ ವಿಷಯ. ಇಲ್ಲಿ ಅದು ಅಡುಗೆಮನೆಯ ವಿಷಯ. ಧನುರ್ಮಾಸ ಹಿಡಿದ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ಒಲೆಯ ಪಕ್ಕಕ್ಕೆ ಬಂದು ಕೂತಿದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ದೋಸೆ ಹಿಟ್ಟಿನ ಪಾತ್ರೆಗೆ ನನ್ನ ಹಳೆಯ ಖಾಕಿ ಕೋಟನ್ನು ಹೊದಿಸಿ, ಬಚ್ಚಲ ಒಲೆಯ ಬೆಚ್ಚನೆಯ ಕಟ್ಟೆಯ ಮೇಲಿಟ್ಟು ನಮ್ಮ ಮನೆಯವರು ಮಲಗುತ್ತಾರೆ. ಮಂಗಳವಾರ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಹಿಟ್ಟು ಇಟ್ಟಲ್ಲೇ ಇತ್ತು. "ಇಲಾಖೆಯ ಕೋಟು ಹೊದಿಸಿದರೆ ಇನ್ನೇನಾದೀತು, ಅದೂ ಪೆನ್ಷನ್ ತೆಗೆದುಕೊಂಡು ಮಲಗಿದೆ" ಎಂದರು. ನಾನು ಉತ್ತರ ಕೊಡಲಿಲ್ಲ. ಅವತ್ತು ರಾಗಿರೊಟ್ಟಿ ಆಯಿತು, ಹುಚ್ಚೆಳ್ಳು ಚಟ್ನಿಯೊಂದಿಗೆ. ಹಿಟ್ಟು ಉಬ್ಬದೆ ಇದ್ದುದಕ್ಕೆ ನನಗೇನೂ ಬೇಸರವಿಲ್ಲ.

ಬೆಳಗಿನ ಐದಕ್ಕೆ ಗುಡಿಯ ಮೈಕು ಶುರುವಾಗುತ್ತದೆ. ಎದ್ದು ಹೋದವರಿಗೆ ದೊನ್ನೆಯಲ್ಲಿ ಬಿಸಿ ಹುಗ್ಗಿ ಸಿಗುತ್ತದೆ, ಕಾಳುಮೆಣಸು ಗಂಟಲಿಗೆ ತಾಗುವಷ್ಟು. ಭಕ್ತಿಗಿಂತ ಮೆಣಸಿನ ಆಸೆಗೆ ಹೋಗುತ್ತೇನೆ ಎಂದು ಇಲ್ಲಿ ಬರೆಯಬಹುದು, ಅತ್ತೆ ಮೊಬೈಲ್ ನೋಡುವುದಿಲ್ಲ. ಆ ಹೊತ್ತಿಗೆ ಮಂಜು ಎಷ್ಟು ದಟ್ಟವೆಂದರೆ ಎದುರು ಬರುವವರ ಕೆಮ್ಮು ಮೊದಲು ಬರುತ್ತದೆ, ಆಮೇಲೆ ಮಫ್ಲರು, ಕೊನೆಗೆ ಮನುಷ್ಯ. ಕೆಮ್ಮಿನಿಂದಲೇ ಯಾರೆಂದು ಗುರುತಿಸುವಷ್ಟು ಪಳಗಿದ್ದೇನೆ. ಬಸ್ ನಿಲ್ದಾಣದ ಬಳಿ ಒಣಗಿದ ತೆಂಗಿನ ಗರಿ ಹಾಕಿ ಬೆಂಕಿ ಕಾಯಿಸುತ್ತಾ ನಿಲ್ಲುವ ನಾಲ್ಕೈದು ಜನರ ಸಭೆಯಲ್ಲಿ ಈಗ ನನಗೂ ಒಂದು ಜಾಗವಿದೆ. ಅಲ್ಲಿ ಮಾತು ಪೂರ್ತಿ ಕನ್ನಡ. ಅರಿಶಿನದ ಬೆಲೆ, ಹೆಂಗಸರಿಗೆ ಮೈಸೂರು ಕಡೆಯ ಬಿಟ್ಟಿ ಬಸ್ಸು ಮೇಲೋ ಇಲ್ಲಿಯ ಬಿಟ್ಟಿ ಊರ ಬಸ್ಸು ಮೇಲೋ ಎಂಬ ವಾದ, ಯಾರ ಹೊಲದಲ್ಲಿ ಆನೆಯ ಹೆಜ್ಜೆ ಕಂಡಿತು ಎಂಬ ಸುದ್ದಿ. ಈ ವಾರ ಯಾರ ಹೊಲದಲ್ಲೂ ಕಾಣಲಿಲ್ಲ. ಸುತ್ತಲೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಆನೆಗೆ ನಮ್ಮ ಬಾಳೆಯ ವಿಳಾಸ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಭಾವಮೈದ ಆರು ರಾತ್ರಿ ಕಾವಲಿಗೆ ಹೋಗಿ, ಪಟಾಕಿಯನ್ನು ಹಾಗೆಯೇ ವಾಪಸ್ಸು ತಂದ. "ಅದಕ್ಕೂ ಚಳಿ ಭಾವ, ಕಾಡು ಬಿಟ್ಟು ಏಳುತ್ತಿಲ್ಲ" ಎಂದ. ಆನೆ ಬಾರದ ದಿನಗಳಲ್ಲಿ ಅವನು ಹೆಚ್ಚು ಸುಸ್ತಾಗಿ ಕಾಣುತ್ತಾನೆ. ಬಂದರೆ ಓಡಿಸಿ ಮಲಗಬಹುದು, ಬಾರದಿದ್ದರೆ ಬೆಳಗಿನವರೆಗೆ ಕಾಯಬೇಕು.

ಮೈಸೂರಿನಿಂದ ನೆಂಟರು ಬಂದಿದ್ದರೆ ಗಾಜನೂರಿಗೊಂದು ಸುತ್ತು ಆಗುತ್ತಿತ್ತು. 2000ದ ಜುಲೈ 30ರ ರಾತ್ರಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದ ಊರು ಎಂದು ಎಲ್ಲರಿಗೂ ಅದನ್ನು ನೋಡಬೇಕು. ಆ ನೂರೆಂಟು ದಿನಗಳಲ್ಲಿ ಮೈಸೂರಿನ ಕೌಂಟರಿನಲ್ಲಿ ಕೂತಿದ್ದ ನನ್ನನ್ನು, ಹೆಂಡತಿಯ ಊರು ಆ ಕಡೆ ಎಂಬ ಒಂದೇ ಕಾರಣಕ್ಕೆ, ಬಂದವರೆಲ್ಲ ಕಾಡಿನ ಸುದ್ದಿ ಕೇಳುತ್ತಿದ್ದರು. ಚಳಿಗೆ ಹೆದರಿ ಈ ವಾರ ಯಾರೂ ಬರಲಿಲ್ಲ.

ಹತ್ತು ಗಂಟೆಯ ಮೇಲೆ ಬಿಸಿಲು ಬಂದಾಗ ಜಗಲಿಯ ಮೇಲೆ ಕೂರುತ್ತೇನೆ. ನಿವೃತ್ತಿಯಲ್ಲಿ ಕಷ್ಟದ ಹೊತ್ತು ಅದೇ. ಕಚೇರಿಯಲ್ಲಿ ಆ ಹೊತ್ತಿಗೆ ಕೌಂಟರಿನ ಮುಂದೆ ಸಾಲು ನಿಂತಿರುತ್ತಿತ್ತು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮುದ್ರೆಯಲ್ಲಿ ತಾರೀಖಿನ ಅಚ್ಚು ಬದಲಾಯಿಸಿ, ಪುಸ್ತಕದಲ್ಲಿ ಒಂದು ಸಲ ಒತ್ತಿ, ಸರಿಯಾಗಿ ಮೂಡಿದೆಯೇ ಎಂದು ನೋಡಿಯೇ ಮುಂದಿನ ಕೆಲಸ. ನಾನು ಒತ್ತದೆ ಆ ದಿನ ಶುರುವಾಗದು ಎಂಬ ಜಂಬವೂ ಒಳಗೊಳಗೆ ಇತ್ತೇನೋ. ಇಲ್ಲಿ ಬುಧವಾರ ಮಧ್ಯಾಹ್ನದವರೆಗೆ ಅದನ್ನು ಗುರುವಾರ ಎಂದುಕೊಂಡಿದ್ದೆ. ಯಾರಿಗೂ ನಷ್ಟವಾಗಲಿಲ್ಲ.

ನವೆಂಬರಿನ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಿಂಚಣಿದಾರರು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಿಕೊಳ್ಳುವ ತಿಂಗಳು ಅದು. ಜೀವಂತ ಪ್ರಮಾಣಪತ್ರವನ್ನು ಈಗ ಅಂಚೆಯಣ್ಣನೇ ಮನೆ ಬಾಗಿಲಿಗೆ ಬಂದು ಮಾಡಿಕೊಡುತ್ತಾನೆ. ಹುಡುಗ ಬಂದ, ಪುಟ್ಟ ಯಂತ್ರ ಚಾಚಿದ, ಹೆಬ್ಬೆರಳು ಒತ್ತಿದೆ. ಹಿಡಿಯಲಿಲ್ಲ. ಚಳಿಗೆ ಒಡೆದು ಒಣಗಿದ ಬೆರಳಿನಲ್ಲಿ ಗೆರೆಗಳು ಯಂತ್ರಕ್ಕೆ ಕಾಣುತ್ತಿಲ್ಲ. "ಒರೆಸಿ ಮತ್ತೊಮ್ಮೆ ಒತ್ತಿ ಸಾರ್" ಎಂದ. ಕೌಂಟರಿನ ಈಚೆಯಿಂದ ಎಷ್ಟು ಮುದುಕರಿಗೆ, ಎಷ್ಟು ಅಸಹನೆಯಿಂದ ನಾನು ಈ ಮಾತನ್ನು ಹೇಳಿದ್ದೆನೋ. ಅವನು ಅಸಹನೆ ತೋರಿಸಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿದ ಮೇಲೆ ಸರ್ಕಾರ ನನ್ನನ್ನು ಒಪ್ಪಿಕೊಂಡಿತು.

ಬೆರಳಿನ ಗೆರೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅಕ್ಷರ. ಇಲ್ಲಿ ಕಿವಿಗೆ ಬೀಳುವುದು ಕನ್ನಡ, ಕಣ್ಣಿಗೆ ಬೀಳುವುದು ತಮಿಳು. ಪಡಿತರ ಚೀಟಿ, ವಿದ್ಯುತ್ ಕಚೇರಿಯ ಸೂಚನೆ, ಬಸ್ಸಿನ ಫಲಕ, ಆಸ್ಪತ್ರೆಯ ಗೋಡೆ, ಎಲ್ಲವೂ. ಅಂಚೆಯಲ್ಲಿ ನನಗೊಂದು ಹೆಸರಿತ್ತು: ಎಂಥ ವಕ್ರ ಕೈಬರಹದ ವಿಳಾಸವನ್ನೂ ಬಿಡಿಸುತ್ತೇನೆ ಎಂದು. ಪಿನ್ ಇಲ್ಲದ, ಬೀದಿ ಇಲ್ಲದ, 'ಅರಳಿಮರದ ಹತ್ತಿರ' ಎಂದಷ್ಟೇ ಬರೆದ ಲಕೋಟೆಗಳನ್ನು ಬೇರೆಯವರು ವಾಪಸ್ಸು ಕಳುಹಿಸಲು ಕಟ್ಟಿಟ್ಟರೆ ನಾನು ಬಿಚ್ಚಿ ಊರು ಮುಟ್ಟಿಸುತ್ತಿದ್ದೆ. ಅಂಥವನು ಇಲ್ಲಿ ಬಸ್ಸು ಬಂದರೆ ಪಕ್ಕದವರನ್ನು ಕೇಳುತ್ತಾ ನಿಲ್ಲಬೇಕಾಯಿತು.

ಗುರು ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಮೂರನೆಯ ತರಗತಿಯ ಹುಡುಗಿ, ಕನ್ನಡ ಮಾಧ್ಯಮದ ಶಾಲೆ, ಜೊತೆಗೆ ತಮಿಳು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾಯ್ದೆ ಬಂದ ಮೇಲೆ ಶಾಲೆಗಳಲ್ಲಿ ತಮಿಳು ಕಡ್ಡಾಯ. ಅದರ ಬಗ್ಗೆ ಗಡಿಯ ಕನ್ನಡಿಗರಲ್ಲಿ ಅಸಮಾಧಾನವಿದೆ, ಆ ಅಸಮಾಧಾನ ನನಗೂ ಅರ್ಥವಾಗುತ್ತದೆ. ಆದರೆ ಈ ಹುಡುಗಿ ಎರಡು ಲಿಪಿಯನ್ನೂ ಎರಡು ಜೇಬಿನಲ್ಲಿಟ್ಟುಕೊಂಡ ಹಾಗೆ ಓಡಾಡುತ್ತಾಳೆ. ನಾಲ್ಕು ಗಂಟೆಗೆ ಶಾಲೆ ಬಿಟ್ಟು ಬಂದು ಜಗಲಿಯ ಮೇಲೆ ಕೂತು "ತಾತ, ನಿನ್ನೆಯದು ಬರೆದಿದ್ದೀರಾ?" ಎನ್ನುತ್ತಾಳೆ. ಬರೆದಿಲ್ಲದಿದ್ದರೆ ಅವಳ ಮೇಷ್ಟ್ರು ನೋಡುವ ನೋಟವನ್ನೇ ನನ್ನ ಮೇಲೆ ಬೀರುತ್ತಾಳೆ.

ಕಷ್ಟವೆಂದರೆ ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಬಗಳಿಗೂ ಹಾಗೆಯೇ. ಎಲ್ಲಿ ಗಟ್ಟಿ, ಎಲ್ಲಿ ಮೃದು ಎಂಬುದು ಓದುವವನ ನಾಲಿಗೆಗೆ ಬಿಟ್ಟದ್ದು. ನನಗಿದು ಅನ್ಯಾಯವೆನಿಸಿತು. ನಾಲ್ಕು ಮನೆಗೆ ಒಂದೇ ಬಾಗಿಲ ಸಂಖ್ಯೆ ಕೊಟ್ಟರೆ ಅಂಚೆಯವನು ಏನು ಮಾಡಬೇಕು? "ಗೊತ್ತಾಗುತ್ತದೆ ತಾತ" ಎನ್ನುವುದಷ್ಟೇ ಅವಳ ವ್ಯಾಕರಣ. ಇನ್ನೊಂದು ಕಡೆ ನಮ್ಮಲ್ಲಿ ಇಲ್ಲದ ಅಕ್ಷರ ಅವರಲ್ಲಿದೆ, 'ತಮಿೞ್' ಎಂಬುದರ ಕೊನೆಯದು. ಇಲ್ಲದ ಎಂದರೆ ತಪ್ಪು. ಹಳಗನ್ನಡದಲ್ಲಿ ನಮಗೂ ಇತ್ತು, ಬಾೞೆ, ಕೋೞಿ ಎಂದೇ ಬರೆಯುತ್ತಿದ್ದೆವು. ಆಮೇಲೆ ಎಲ್ಲೋ ಬೀಳಿಸಿಕೊಂಡು ಎಲ್ಲವನ್ನೂ 'ಳ' ಮಾಡಿದೆವು. ಈ ವಾರ ಎರಡು ಸಂಜೆ ನಾಲಿಗೆಯನ್ನು ಅಂಗುಳಿಗೆ ಮಡಚಿ ಆ ಸದ್ದನ್ನು ತೆಗೆಯಲು ನೋಡಿದೆ. ಒಳಗಿನಿಂದ ಅತ್ತೆ, "ಅಳಿಯಂದಿರಿಗೆ ಗಂಟಲು ಹಿಡಿದಿದೆಯೇನೋ, ಶುಂಠಿ ಕಷಾಯ ಕೊಡು" ಎಂದು ಮಗಳಿಗೆ ಹೇಳಿದರು. ಕಷಾಯ ಬಂತು, ಕುಡಿದೆ.

ಅಭ್ಯಾಸ ಪೂರ್ತಿ ವ್ಯರ್ಥವಾಗಿಲ್ಲ. ಸೋಮವಾರ ಹಾಸನೂರಿನವರೆಗೆ ಹೋಗಿದ್ದಾಗ ಅರಣ್ಯ ಇಲಾಖೆಯ ಫಲಕವೊಂದನ್ನು ಬಸ್ಸಿನ ಕಿಟಕಿಯಿಂದಲೇ ಓದಿದೆ: 'ಪುಲಿಗಳ್ ಕಾಪ್ಪಗಂ'. ಪುಲಿಯ ಪಕಾರವನ್ನು ಹಕಾರ ಮಾಡಿದರೆ ಹುಲಿ. ಕಾಪು ಎಂದರೆ ನಮ್ಮ ಕಾಪಾಡುವ ಕಾಪೇ. ಪಕ್ಕದಲ್ಲಿ ಕೂತಿದ್ದವರಿಗೆ ಹೇಳಿದೆ, ಅವರು ಹೂವಿನ ಮೂಟೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಸತ್ಯಮಂಗಲದ ಮಾರುಕಟ್ಟೆಗೆ ಹೊರಟಿದ್ದ ಮೂಟೆ ಅದು. ಮಂಜಿಗೆ ಮೊಗ್ಗು ಬಿಡುವುದು ಕಡಿಮೆಯಾಗಿ ಮಲ್ಲಿಗೆಯ ಬೆಲೆ ಈ ದಿನಗಳಲ್ಲಿ ಕೇಳುವಂತಿಲ್ಲ. ನಮ್ಮ ಮನೆಯವರು ಸೇವಂತಿಗೆಗೆ ಇಳಿದಿದ್ದಾರೆ, ಮತ್ತು ಅದಕ್ಕೆ ನಾನೇ ಕಾರಣವೆಂಬಂತೆ ನೋಡುತ್ತಾರೆ.

ಗುರುವಾರ ಆ ದೊಡ್ಡ ಘಟನೆ ನಡೆಯಿತು. ಪಡಿತರ ಅಂಗಡಿಯವರು ಮನೆಮನೆಗೆ ಬಂದು ಪೊಂಗಲ್ ಟೋಕನ್ ಕೊಟ್ಟುಹೋದರು. ಸಂಕ್ರಾಂತಿಗೆ ಇಲ್ಲಿಯ ಸರ್ಕಾರ ಕಾರ್ಡಿಗೊಂದರಂತೆ ಒಂದು ಕಿಲೋ ಅಕ್ಕಿ, ಒಂದು ಕಿಲೋ ಸಕ್ಕರೆ, ಒಂದು ಇಡೀ ಕಬ್ಬು ಕೊಡುತ್ತದೆ. ಜನ ಒಟ್ಟಿಗೆ ನುಗ್ಗದಿರಲೆಂದು ಟೋಕನಿನಲ್ಲಿ ದಿನ, ಹೊತ್ತು ಬರೆದಿರುತ್ತಾರೆ. ಕಳೆದ ವರ್ಷ ಭಾವಮೈದನೇ ಓದಿ ಹೇಳಿದ್ದ. ಈ ಸಲ ಅವನು ಹೊಲದಲ್ಲಿದ್ದ. ಬೈಗೆ ಹುಡುಗಿ ಬರುವ ತನಕ ಕಾಯಬಹುದಿತ್ತು. ಕನ್ನಡಕ ಒರೆಸಿಕೊಂಡು ನಾನೇ ಕೂತೆ.

ಅಕ್ಷರಗಳು ಸಣ್ಣವು, ಶಾಯಿ ಹರಡಿತ್ತು. ಹಳೆಯ ಕೆಲಸ ಕೈಗೆ ಬಂದಂತಾಯಿತು. ಮೊದಲ ಪದ 'ಪಚ್ಚರಿಚಿ' ಎಂದು ಬಿಡಿಸಿದೆ. ಪಚ್ಚೆ ಎಂದರೆ ಹಸಿ, ಉಳಿದದ್ದು ಅಕ್ಕಿ ಇರಲೇಬೇಕು. ಎರಡನೆಯದು 'ಚರ್ಕ್ಕರೈ'. ಸಕ್ಕರೆಯನ್ನು ಈ ವೇಷದಲ್ಲಿ ಯಾರು ಬೇಕಾದರೂ ಗುರುತಿಸುತ್ತಾರೆ. ಮೂರನೆಯದು 'ಕರುಂಪು'. ಇದಕ್ಕೆ ಐದು ನಿಮಿಷ ಹಿಡಿಯಿತು. ಎಂಥ ಕರುಂಪು? ಕರಿಯ ಏನೋ? ಕರುವಿಗೆ ಹಾಕುವ ಮೇವೇ? ನಾಲ್ಕಕ್ಕೆ ಗುರುಗಳು ಬಂದು ಟೋಕನ್ ಕಿತ್ತುಕೊಂಡು ಒಂದೇ ಉಸಿರಿಗೆ ಓದಿದರು. "ಕರುಂಪು ಅಲ್ಲ ತಾತ, ಕರುಂಬು. ಕಬ್ಬು!" ಎಂದು ನಕ್ಕಳು. ಪಕಾರದ ಹಿಂದೆ ಮಕಾರ ನಿಂತರೆ ಅದು ಬಕಾರವಾಗುತ್ತದಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲ" ಎಂದಳು. 'ಕಾಲೈ' ಎಂದರೆ ಬೆಳಿಗ್ಗೆ ಎಂಬುದನ್ನು ಮಾತ್ರ ನಾನು ಸರಿಯಾಗಿ ಹೇಳಿದ್ದೆ, ಅದಕ್ಕೆ ನನ್ನ ಪುಸ್ತಕದಲ್ಲಿ ಒಂದು 'ರೈಟು' ಬಿತ್ತು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಸರದಿ. ಇವತ್ತು ಶುಕ್ರವಾರ, ತಾರೀಖನ್ನು ಎರಡು ಸಲ ನೋಡಿಕೊಂಡಿದ್ದೇನೆ. ಅತ್ತೆಯವರು ಬೆಳಗಿನಿಂದ ಮೂರು ಸಲ ಕೇಳಿದರು, ಕಬ್ಬು ಕಪ್ಪಗಿದೆಯೇ ಬೆಳ್ಳಗಿದೆಯೇ, ಗೆಣ್ಣು ಹತ್ತಿರವೇ ದೂರವೇ ಎಂದು. ಬಾಯಲ್ಲಿ ಎರಡೇ ಹಲ್ಲಿವೆ, ಅವೂ ಎದುರುಬದುರಲ್ಲ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಒರಳಿನಲ್ಲಿ ಜಜ್ಜಿ ಲೋಟಕ್ಕೆ ಹಿಂಡಿಕೊಡುವ ಕೆಲಸ ಮೈಸೂರಳಿಯನಿಗೆ ಎಂದು ಒಳಗೆ ಆಗಲೇ ತೀರ್ಮಾನವಾಗಿದೆ. ಒರಳನ್ನು ತೊಳೆದಿಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.