ಸ್ಕ್ಲೀರಲ್ ಲೆನ್ಸ್ ಒಗ್ಗಿದ ಮೇಲೆ
ಕೆರಟೋಕೋನಸ್ ಇರುವ ನನ್ನ ಕಣ್ಣಿನಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಚಾಚಿಕೊಳ್ಳುವುದರಿಂದ, ಕನ್ನಡಕದ ನಂಬರನ್ನು ಎಷ್ಟು ಬದಲಿಸಿದರೂ ರಾತ್ರಿ ಎದುರಿನಿಂದ ಬರುವ ದೀಪವೊಂದು ಹಲವಾಗಿ ಚೆದುರಿಯೇ ಕಾಣುತ್ತಿತ್ತು. ಸ್ಕ್ಲೀರಲ್ ಲೆನ್ಸ್ ಎಂಬ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್ ನನಗೆ ಒಗ್ಗಿದ್ದು, ಅದು ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕೂರುವುದರಿಂದ. ನಡುವೆ ತುಂಬಿರುವ ಸಲೈನ್ ದ್ರವವು ಮೇಲ್ಮೈಯ ಏರುಪೇರನ್ನು ಸರಿದೂಗಿಸುತ್ತದೆ, ಅಕ್ಷರಗಳು ನೆರಳಿಲ್ಲದೆ ಕಾಣುತ್ತವೆ. ಆದರೆ ಲೆನ್ಸ್ ದೃಷ್ಟಿಯನ್ನು ತಿದ್ದುತ್ತದೆಯೇ ಹೊರತು ರೋಗದ ಬೆಳವಣಿಗೆಯನ್ನು ತಡೆಯುವುದಿಲ್ಲ. ಅದಕ್ಕೆ ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಹಾಕಿ, ನೇರಳಾತೀತ ಕಿರಣ ಹಾಯಿಸಿ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಬೇಕು. 2003ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಈ ಚಿಕಿತ್ಸೆಯ ಫಲಿತಾಂಶಗಳನ್ನು ಪ್ರಕಟಿಸಿದ್ದನ್ನು ನೆನೆದಾಗ ನನ್ನ ಮನಸ್ಸು ಕೃತಜ್ಞತೆಯಿಂದ ತುಂಬುತ್ತದೆ. ಹದಿಹರೆಯದ ಮಕ್ಕಳು ಪದೇ ಪದೇ ಕಣ್ಣುಜ್ಜುತ್ತಿದ್ದರೆ, ಕನ್ನಡಕದ ಸಿಲಿಂಡರ್ ನಂಬರು (ಕಾರ್ನಿಯಾದ ಬಾಗಿನ ಏರುಪೇರನ್ನು ಸರಿದೂಗಿಸುವ ನಂಬರು) ಏರುತ್ತಲೇ ಇದ್ದರೆ, ಕಾರ್ನಿಯಾದ ಟೊಪೋಗ್ರಫಿ (ಅದರ ಆಕಾರವನ್ನು ಅಳೆಯುವ ಪರೀಕ್ಷೆ) ಮಾಡಿಸಲು ದಯವಿಟ್ಟು ತಡಮಾಡಬೇಡಿ.